ಮೂವತ್ತೊಂಬತ್ತನೆಯ ದಿನ

ಸತೀಶ ಮಗಳಿಗೆ ಆ ಮಾತು ಕೊಟ್ಟದ್ದು ಹನ್ನೊಂದು ವರ್ಷದ ಹಿಂದೆ, ಸಾಗರದ ಬಸ್ ನಿಲ್ದಾಣದಲ್ಲಿ. ಆಗ ರಕ್ಷಾಗೆ ಆರು ವರ್ಷ. ಕೋಣಂದೂರಿನ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬರಲು ಅವಳನ್ನು ಬೆಂಚಿನ ಮೇಲೆ ಕೂರಿಸಿ ಹೋಗಿದ್ದ. ತಿರುಗಿ ಬರುವಾಗ ಬೆಂಚಿನ ಸುತ್ತ ಜನ ಗುಂಪುಗಟ್ಟಿತ್ತು. ತಳ್ಳಿಕೊಂಡು ಒಳಗೆ ನುಗ್ಗುವ ಹೊತ್ತಿಗೆ ಎಲ್ಲ ಮುಗಿದು ಹುಡುಗಿ ಕಣ್ಣು ಬಿಟ್ಟಾಗಿತ್ತು. ಮೇಲೆ ಹತ್ತು ಹದಿನೈದು ಗುರುತಿಲ್ಲದ ಮುಖಗಳು, ಮೂಗಿನ ಹತ್ತಿರ ಯಾರದೋ ಚಪ್ಪಲಿ, ಅಂಗೈಯೊಳಗೆ ಯಾರೋ ಒತ್ತಿ ಹಿಡಿಸಿದ್ದ ಬೀಗದ ಕೈಗೊಂಚಲು. ಮೂರ್ಛೆ ಬಂದವರಿಗೆ ಕಬ್ಬಿಣ ಹಿಡಿಸಬೇಕೆಂದು ಎಲ್ಲರಿಗೂ ಗೊತ್ತಿತ್ತು. ಒದ್ದೆಯಾದ ಫ್ರಾಕನ್ನು ಎಳೆದು ಮುಚ್ಚಬೇಕೆಂದು ಯಾರಿಗೂ ತೋಚಿರಲಿಲ್ಲ. ಅವಳು ಅಳಲಿಲ್ಲ. ಅವನ ಹೆಗಲ ಮೇಲೆ ಮುಖವಿಟ್ಟು, 'ಅಪ್ಪ, ಅವರೆಲ್ಲ ಯಾರು?' ಎಂದಳು. 'ಯಾರೂ ಅಲ್ಲ ಮಗಾ. ಇನ್ನೊಂದ್ಸಲ ಹಿಂಗಾದ್ರೆ ಅವರ್ಯಾರೂ ಇರಲ್ಲ. ನೀನು ಕಣ್ಣು ಬಿಟ್ಟಾಗ ನಾನೇ ಇರ್ತೀನಿ.' 'ಪ್ರತೀ ಸಲ?' 'ಪ್ರತೀ ಸಲ.' ಮನೆಗೆ ಬಂದಮೇಲೆ ಅವಳು ಇನ್ನೊಂದು ಸಂಗತಿ ಹೇಳಿದಳು: ಬೀಳುವುದಕ್ಕೆ ಮೊದಲು ಬಾಯಲ್ಲೊಂದು ರುಚಿ ಬಂದಿತ್ತು. ಎಂಥ ರುಚಿ ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಯೋಚಿಸಿ, 'ಬೀಗದ ಕೈ ರುಚಿ' ಎಂದಿದ್ದಳು.

ಈ ಡಿಸೆಂಬರಿನ ಬೆಳಿಗ್ಗೆ, ಅದೇ ಸಾಗರದ ಮನೆಯಲ್ಲಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕಾಫಿ ಕುಡಿಯುತ್ತಿದ್ದ ಸತೀಶನಿಗೆ ಅದೆಲ್ಲ ನೆನಪಾದದ್ದು ರಕ್ಷಾ ಕೇಳಿದ ಪ್ರಶ್ನೆಯಿಂದ. ಪರೀಕ್ಷೆ ಮುಗಿದು ಪಿಯು ಕಾಲೇಜಿಗೆ ಎರಡು ದಿನ ರಜೆಯಿತ್ತು. ಜೊತೆಯಲ್ಲಿ ಓದುವ ಧನ್ಯಶ್ರೀ ಹಾಸ್ಟೆಲಿನಿಂದ ತುಮರಿಯ ತನ್ನ ಮನೆಗೆ ಹೊರಟಿದ್ದಳು. ತಾನೂ ಹೋಗಿ ಸಂಜೆ ಬರಲೇ ಎಂದು ರಕ್ಷಾ ಕೇಳಿದ್ದು. ಕೇಳಿದವಳು ಅವನ ಮುಖ ನೋಡಲಿಲ್ಲ, ಫ್ರಿಜ್ಜಿನ ಮೇಲಿದ್ದ ಉದ್ದನೆಯ ನೋಟ್‌ಬುಕ್ ನೋಡಿದಳು. ಹೊಸನಗರದ ಕಚೇರಿಗೆ ಎಂಟರ ಬಸ್ಸು ಹಿಡಿಯುವ ಅವಸರದಲ್ಲಿದ್ದ ಹೆಂಡತಿ ಶ್ಯಾಮಲಾ, ಜಡೆಗೆ ಕ್ಲಿಪ್ಪು ಒತ್ತುತ್ತ, 'ನನ್ನ ಕೇಳ್ಬೇಡ. ನಿಮ್ಮಪ್ಪನ ಪುಸ್ತಕ ಏನು ಹೇಳುತ್ತೋ ಕೇಳು' ಎಂದಳು. ಅದರಲ್ಲಿ ಕುಹಕ ಇತ್ತೋ ಇಲ್ಲವೋ ಸತೀಶನಿಗೆ ತಿಳಿಯಲಿಲ್ಲ. ಹದಿನೆಂಟು ವರ್ಷದಿಂದ ಬಸ್ಸಿನಲ್ಲಿ ಹೋಗಿ ಬಂದು ಮಾಡುವ ಹೆಂಗಸಿನ ಮಾತಿನಲ್ಲಿ ದಣಿವನ್ನೂ ಕುಹಕವನ್ನೂ ಬೇರೆ ಮಾಡುವುದು ಕಷ್ಟ. ಅವನು ಪುಸ್ತಕ ತೆಗೆದ.

ಆ ಪುಸ್ತಕಕ್ಕೆ ಎರಡು ಮುಖವಿತ್ತು. ಮುಂದಿನಿಂದ ಅವನ ಸಂಶೋಧನೆ. ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಲೇ, ಮೌಲ್ಯಮಾಪನ, ಚುನಾವಣಾ ಡ್ಯೂಟಿ, ನ್ಯಾಕ್ ಸಮಿತಿಗಳ ನಡುವೆ ಒಂಬತ್ತು ವರ್ಷದಿಂದ ಎಳೆದುಕೊಂಡು ಬಂದಿದ್ದ ಪಿಎಚ್‌ಡಿ. ಜೋಡಿ ನಕ್ಷತ್ರಗಳಲ್ಲಿ ಒಂದು ಸತ್ತು ಕುಗ್ಗಿ ನ್ಯೂಟ್ರಾನ್ ನಕ್ಷತ್ರವಾಗಿರುತ್ತದೆ, ಇನ್ನೊಂದರ ಅನಿಲ ಅದರ ಮೇಲೆ ಸುರಿಯುತ್ತದೆ, ಗಂಟೆಗಟ್ಟಲೆ ಜಮೆಯಾದದ್ದು ಒಂದು ಕ್ಷಣದಲ್ಲಿ ಹೊತ್ತಿ ಎಕ್ಸ್-ರೇ ಆಗಿ ಸಿಡಿಯುತ್ತದೆ, ಆರುತ್ತದೆ, ಮತ್ತೆ ಜಮೆಯಾಗತೊಡಗುತ್ತದೆ. ಒಂದು ಸಿಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರವೇ ಅವನ ವಿಷಯ. ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆಗೆದರೆ ರಕ್ಷಾ. ನಾಲ್ಕೈದು ವರ್ಷ ಮಾತ್ರೆಯಲ್ಲಿ ತಣ್ಣಗಿದ್ದದ್ದು ಅವಳು ಹತ್ತನೆಯ ತರಗತಿಯಲ್ಲಿದ್ದಾಗ ಮತ್ತೆ ಕಾಣಿಸಿಕೊಂಡಾಗ ಶಿವಮೊಗ್ಗದ ಡಾಕ್ಟರು ತಾರೀಖು ಬರೆದಿಡಿ ಎಂದಿದ್ದರು. ಅವನು ತಾರೀಖಷ್ಟೇ ಬರೆಯಲಿಲ್ಲ. ಶುರುವಾದ ಹೊತ್ತು, ಎಷ್ಟು ಸೆಕೆಂಡು, ಕೈ ಅದುರುವುದು ನಿಂತದ್ದು ಯಾವಾಗ, ಹೆಸರು ಕೇಳಿದರೆ ಹೇಳಿದ್ದು ಯಾವಾಗ, ಎಲ್ಲವನ್ನೂ ಬರೆದ. ಅವಳು ನೆಲದ ಮೇಲೆ ಸೆಟೆದುಕೊಂಡಿದ್ದಾಗ ಅವನು ಪಕ್ಕದಲ್ಲಿ ಮಂಡಿಯೂರಿ, ಎಡಗೈಯಲ್ಲಿ ಅವಳ ತಲೆಯ ಕೆಳಗೆ ಟವೆಲ್ಲು ತುರುಕಿ, ಬಲಗೈಯನ್ನು ತನ್ನ ಕಣ್ಣಿನ ಮುಂದೆ ಹಿಡಿದು ವಾಚು ನೋಡುತ್ತಿದ್ದ. ಅರವತ್ತೆಂಟು. ಎಪ್ಪತ್ತೊಂದು. ಒಂದು ಸಂಜೆ ಹೀಗೇ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆಯುವಾಗ, ಇಪ್ಪತ್ತು ದಿನ, ಹತ್ತೊಂಬತ್ತು ದಿನ, ಮತ್ತೆ ಇಪ್ಪತ್ತು ಎಂದು ಬಂದಾಗ ಎದೆಯೊಳಗೆ ಏನೋ ಹಿಗ್ಗಿತ್ತು. ಅದು ಸಂತೋಷ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಡಿಯಾರದ ಹಾಗೆ ಸಿಡಿಯುವ ನಕ್ಷತ್ರ ಸಿಕ್ಕುವುದು ಅಪರೂಪ. ಸಿಕ್ಕವನಿಗೆ ಆಗುವ ಸಂತೋಷ ಅದು. ಒಳಗಿನ ಕೋಣೆಯಲ್ಲಿ ಮಗಳು ನಾಲಿಗೆ ಕಚ್ಚಿಕೊಂಡು ಊಟ ಮಾಡಲಾರದೆ ಮಲಗಿದ್ದಳು. ಅವನು ಪುಸ್ತಕ ಮುಚ್ಚಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಿದ್ದ.

ಆದರೆ ಆಮೇಲೆ ಅಂತರ ಬೆಳೆಯಿತು. ಮೂವತ್ತೊಂಬತ್ತು. ನಲವತ್ತು. ಐವತ್ತೆಂಟು. ಐವತ್ತೆಂಟನ್ನು ಬರೆದ ದಿನ ಅವನು ಪೇಟೆಗೆ ಹೋಗಿ ಅರ್ಧ ಕಿಲೋ ಜಿಲೇಬಿ ತಂದಿದ್ದ. ಮೂರ್ಛೆ ಬಂದ ದಿನ ಸಿಹಿ ತರುವ ಅಪ್ಪ ಇನ್ನೆಲ್ಲಾದರೂ ಇದ್ದಾನೆಯೇ ಎಂದು ಶ್ಯಾಮಲಾ ಕೇಳಿದ್ದಳು. ಕೇಳಿ ತಾನೂ ಒಂದು ತಿಂದಿದ್ದಳು. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸೋಣ ಎಂದಾಗ ಸತೀಶ ಗ್ರಾಫ್ ಬಿಡಿಸಿಕೊಂಡು ಹೋಗಿ ಮೇಜಿನ ಮೇಲೆ ಹರಡಿದ. ಆ ಮಾತ್ರೆ ತಿಂದರೆ ದಿನವಿಡೀ ತೂಕಡಿಕೆಯಂತೆ, ನೆನಪು ಮಂಕಾಗುತ್ತದಂತೆ. 'ಅಂತರ ಮೂರು ಪಟ್ಟಾಗಿದೆ ಸಾರ್' ಎಂದ. ಡಾಕ್ಟರು ಗ್ರಾಫನ್ನು ಎರಡು ಸಲ ನೋಡಿ, 'ನಿಮ್ಮಂಥ ಪೇರೆಂಟ್ಸ್ ಸಿಗಲ್ಲ' ಎಂದು, ಸದ್ಯಕ್ಕೆ ಬೇಡ ಬಿಡಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ರಕ್ಷಾ ಅವನ ಮುಖ ನೋಡಿದ ತಕ್ಷಣ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು.

'ಇವತ್ತು ಮೂವತ್ತೊಂಬತ್ತನೇ ದಿನ' ಎಂದು ಸತೀಶ ಈಗ ಪುಟದ ಮೇಲೆ ಬೆರಳಿಟ್ಟು ಹೇಳಿದ. 'ಹೋದ ಸಲ ಐವತ್ತೆಂಟು. ಈ ಸಲ ಇನ್ನೂ ಜಾಸ್ತಿನೇ ಆಗ್ಬೇಕು. ಹೋಗಿ ಬಾ.' ರಕ್ಷಾ ತಲೆಯಾಡಿಸಿದಳು. 'ಧನ್ಯಾ ಮನೆ ಹತ್ರನೇ ಹಿನ್ನೀರು ಅಪ್ಪ. ನೀರಿಗಿಳಿಬಹುದಾ?' ಶ್ಯಾಮಲಾಳ ಕೈ ಕ್ಲಿಪ್ಪಿನ ಮೇಲೆ ಒಂದು ಕ್ಷಣ ನಿಂತಿತು. ಅವಳು ಏನಾದರೂ ಹೇಳುತ್ತಾಳೆಂದು ಅವನು ಕಾದ. ಹೇಳಲಿಲ್ಲ. ಅವನು ಮತ್ತೆ ಪುಟದ ಕಡೆ ನೋಡಿದ, ಅಲ್ಲಿ ನೀರಿನ ಬಗ್ಗೆಯೂ ಏನೋ ಬರೆದಿದೆ ಎನ್ನುವ ಹಾಗೆ. 'ಮೊಣಕಾಲು ತನಕ' ಎಂದ. 'ಸರಿ' ಎಂದು ರಕ್ಷಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು. ಆ ಕೋಣೆ ಮೊದಲು ಹಳೆಯ ಪೇಪರು, ಒಡೆದ ಮಿಕ್ಸಿ ಇಡುವ ಉಗ್ರಾಣವಾಗಿತ್ತು. ಈ ವರ್ಷ ಜೂನಿನಲ್ಲಿ ಅವಳು ಒಂದೇ ಹಠ ಹಿಡಿದಳೆಂದು ಅವನೇ ಖಾಲಿ ಮಾಡಿ, ಸುಣ್ಣ ಹೊಡೆದು, ಚಿಲಕ ಮಾತ್ರ ಬೇಡವೆಂದಿದ್ದ. 'ನನಗೆ ಹದಿನೇಳು ಅಪ್ಪ' ಎಂದಳು. ಚಿಲಕವನ್ನೂ ಅವನೇ ಹಾಕಿಸಿದ.

ತೀರ್ಥಹಳ್ಳಿಯ ಕಾಲೇಜೊಂದರ ವಿಜ್ಞಾನ ಸಂಘದವರು ಹನ್ನೊಂದಕ್ಕೆ ಉಪನ್ಯಾಸಕ್ಕೆ ಕರೆದಿದ್ದರು. ಹಳೆಯ ಕಾರಿನಲ್ಲಿ ಒಬ್ಬನೇ ಹೋಗುವಾಗ ಸತೀಶನಿಗೆ ಹಗುರವೆನಿಸಬೇಕಾಗಿತ್ತು. ಮಗಳನ್ನು ಎಲ್ಲಿಗೋ ಕಳಿಸಿ, ತಾನು ಇನ್ನೆಲ್ಲಿಗೋ ಹೋಗುವ ಸ್ವಾತಂತ್ರ್ಯ ಈ ಎರಡು ವರ್ಷದಲ್ಲಿ ಮೊದಲ ಸಲ ಸಿಕ್ಕಿದ್ದು. ಹಾಗನಿಸಲಿಲ್ಲ. ರಿಪ್ಪನ್‌ಪೇಟೆ ದಾಟಿದಮೇಲೆ ಯಾಕೋ ಒಂದು ಭಾನುವಾರ ನೆನಪಾಯಿತು. ಇಪ್ಪತ್ತು ದಿನ ಆಗಿರಬಹುದು. ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಧ್ಯಾಯ ನಾಲ್ಕನ್ನು ತಿದ್ದುತ್ತಿದ್ದ. ಗೋಡೆಯಾಚೆ ರಕ್ಷಾಳ ಕೋಣೆಯಲ್ಲಿ ದಪ್ಪನೆಯ ಸದ್ದಾಯಿತು, ಬೂದುಗುಂಬಳ ಅಟ್ಟದಿಂದ ಬಿದ್ದ ಹಾಗೆ. 'ಏನು ಬಿತ್ತು?' ಎಂದು ಕೂತಲ್ಲಿಂದಲೇ ಕೇಳಿದ. ಉತ್ತರ ಬರಲಿಲ್ಲ. ಇನ್ನೊಂದು ಸಲ ಕೇಳಬೇಕೆಂದುಕೊಂಡ. ಪರದೆಯ ಮೇಲೆ ಒಂದು ಸಾಲು ಸರಿಯಾಗಿ ಕೂಡುವುದರಲ್ಲಿತ್ತು. ಮೂರು ನಿಮಿಷವೋ ಐದು ನಿಮಿಷವೋ ಆದಮೇಲೆ ಒಳಗಿನಿಂದ ಅವಳ ದನಿ ಬಂತು: 'ಪುಸ್ತಕ ಅಪ್ಪ.' ಅಷ್ಟೇ. ಅದು ಯಾಕೆ ನೆನಪಾಯಿತೆಂದು ಅವನಿಗೆ ತಿಳಿಯಲಿಲ್ಲ. ಕೋಣಂದೂರಿನಲ್ಲಿ ಕಾರು ನಿಲ್ಲಿಸಿ ಒಂದು ಚಹಾ ಕುಡಿದ. ಅಂಗಡಿಯವನು ಗುರುತು ಹಿಡಿದು, 'ಮಗಳು ಹುಷಾರಾಗಿದಾಳಾ?' ಎಂದು ಕೇಳಿದ. 'ಹುಷಾರು' ಎಂದ ಸತೀಶ. ಅವಳು ಚೆನ್ನಾಗಿ ಓದುತ್ತಾಳಾ, ಯಾವ ಸಬ್ಜೆಕ್ಟು ಎಂದು ಅವಳ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

ಪ್ರಿನ್ಸಿಪಾಲ್ ಮುಕುಂದಯ್ಯ ಅವನನ್ನು 'ನಮ್ಮ ಕೋಣಂದೂರಿನವರೇ ಆದ ಡಾಕ್ಟರ್ ಸತೀಶ್' ಎಂದು ಪರಿಚಯಿಸಿದರು. ಅವನು ಬಗ್ಗಿ ಮೆಲ್ಲಗೆ, 'ಡಾಕ್ಟರ್ ಅಲ್ಲ ಸಾರ್, ಇನ್ನೂ ಆಗಿಲ್ಲ' ಎಂದ. ಮೈಕು ಅದನ್ನೂ ಹಿಡಿಯಿತು. 'ಆಗ್ತಾರೆ ಬಿಡಿ, ಅವಸರ ಏನು' ಎಂದರು ಮುಕುಂದಯ್ಯ. ಮಕ್ಕಳು ನಕ್ಕರು. ಒಂಬತ್ತು ವರ್ಷ ಒಂದು ನಗೆಯಲ್ಲಿ ಮುಗಿಯಿತು. ಆದರೆ ಸೀಮೆಸುಣ್ಣ ಕೈಗೆ ಬಂದಮೇಲೆ ಸತೀಶ ಬೇರೆ ಮನುಷ್ಯನಾಗುತ್ತಿದ್ದ. ನ್ಯೂಟ್ರಾನ್ ನಕ್ಷತ್ರ ಎಂದರೆ ಎಷ್ಟು ದೊಡ್ಡದು? ಇಲ್ಲಿಂದ ಕೋಣಂದೂರಿಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ಅಗಲದ ಒಂದು ಉಂಡೆ. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. 'ಹಂಗಾದ್ರೆ ಮಧ್ಯದ ಊರೆಲ್ಲ ಸಾರ್?' ಎಂದ ಹಿಂದಿನ ಬೆಂಚಿನವನೊಬ್ಬ. 'ಚಪ್ಪಟೆ' ಎಂದ ಸತೀಶ. ಪಕ್ಕದ ಸಂಗಾತಿ ನಕ್ಷತ್ರದಿಂದ ಬಿದ್ದ ಅನಿಲ ಈ ಉಂಡೆಯ ಮೇಲೆ ಕೆಲವೇ ಮೀಟರು ದಪ್ಪದ ಪದರವಾಗಿ ಹರಡುತ್ತದೆ. ಮೇಲಿನಿಂದ ಬೀಳುತ್ತಲೇ ಇರುತ್ತದೆ, ಕೆಳಗೆ ಒತ್ತಡ ಏರುತ್ತಲೇ ಇರುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ, ಒಂದೇ ಸಮನೆ ಸಣ್ಣ ಬೆಳಕು, ಅಷ್ಟೇ. ಆಮೇಲೆ ಒಂದೆರಡು ಸೆಕೆಂಡಿನೊಳಗೆ ಇಡೀ ಪದರ ಹೊತ್ತಿಕೊಳ್ಳುತ್ತದೆ. ಸೂರ್ಯ ಕೆಲವು ದಿನ ಉರಿದು ಕೊಡುವಷ್ಟನ್ನು ಇದು ಅರ್ಧ ನಿಮಿಷದಲ್ಲಿ ಕೊಟ್ಟು ತಣ್ಣಗಾಗುತ್ತದೆ. ನಕ್ಷತ್ರ ಸಾಯುವುದಿಲ್ಲ, ಒಡೆಯುವುದಿಲ್ಲ. ಮತ್ತೆ ಅದೇ. ಮತ್ತೆ ಜಮೆ.

'ಸಿಡಿತಗಳ ನಡುವಿನ ಅಂತರ ಅಳೆಯೋದು ನನ್ನ ಕೆಲಸ' ಎಂದು ಅವನು ಹಲಗೆಯ ಮೇಲೆ ಸಂಖ್ಯೆ ಬರೆದ. ಆರು ಗಂಟೆ, ಆರು, ಆರು, ಹನ್ನೆರಡು, ಹನ್ನೆರಡು, ಹದಿನೆಂಟು. ಯೋಚಿಸಿ ಬರೆದದ್ದಲ್ಲ, ಕೈಗೆ ಬಂದದ್ದು ಬರೆದ. 'ಇದನ್ನು ನೋಡಿದ್ರೆ ನಿಮಗೇನನ್ನಿಸುತ್ತೆ?' ಮುಂದಿನ ಸಾಲಿನ ಕನ್ನಡಕದ ಹುಡುಗಿಯೊಬ್ಬಳು ಎದ್ದು, 'ಸಾರ್, ನಕ್ಷತ್ರ ಹುಷಾರಾಗ್ತಾ ಇದೆ' ಎಂದಳು. ಹಾಲೆಲ್ಲ ನಕ್ಕಿತು. ಮುಕುಂದಯ್ಯನವರೂ ನಕ್ಕರು. ಸತೀಶ ಕೂಡ ನಗುತ್ತಲೇ ಶುರುಮಾಡಿದ: 'ಹೊಸಬರು ಎಲ್ಲರೂ ಮಾಡೋ ತಪ್ಪು ಅದು. ಬೀಳೋ ಅನಿಲ ಕಡಿಮೆ ಆಗಿಲ್ಲ. ಬೇರೆ ಏನೂ ಬದಲಾಗಿಲ್ಲ. ಅಂತರ ಮಾತ್ರ ಯಾಕೆ ಬದಲಾಗುತ್ತೆ? ಅದೂ ಸರಿಯಾಗಿ ಎರಡು ಪಟ್ಟು, ಮೂರು ಪಟ್ಟು? ನಾವು ನೋಡೋದು ಉಪಗ್ರಹದಿಂದ. ಅದು ಭೂಮಿ ಸುತ್ತ ಒಂದೂವರೆ ಗಂಟೆಗೊಮ್ಮೆ ಸುತ್ತುತ್ತೆ. ಸುತ್ತುವಾಗ ಸ್ವಲ್ಪ ಹೊತ್ತು ಭೂಮಿನೇ ಅಡ್ಡ ಬರುತ್ತೆ, ಗೋಡೆ ಥರ. ಗೋಡೆ ಅಡ್ಡ ಇದ್ದಾಗ ಸಿಡಿದದ್ದು ನಮ್ಮ ಲೆಕ್ಕಕ್ಕೆ ಬರಲ್ಲ. ನಕ್ಷತ್ರ ತನ್ನ ಪಾಡಿಗೆ ಆರು ಗಂಟೆಗೊಮ್ಮೆ ಸಿಡೀತಾನೇ ಇತ್ತು. ನಾವು...'

ಸೀಮೆಸುಣ್ಣ ಹಲಗೆಯ ಮೇಲೆ ನಿಂತಿತು. ಆರು, ಆರು, ಆರು, ಹನ್ನೆರಡು, ಹನ್ನೆರಡು, ಹದಿನೆಂಟು. ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತು, ಮೂವತ್ತೊಂಬತ್ತು, ನಲವತ್ತು, ಐವತ್ತೆಂಟು. ಅವನಿಗೆ ತನ್ನ ಬೆನ್ನು ಸಭೆಯ ಕಡೆಗಿದೆ ಎಂಬುದು ಬಹಳ ಸ್ಪಷ್ಟವಾಗಿ ಗೊತ್ತಿತ್ತು. ಅಂಗಿಯ ಬೆನ್ನು ಬೆವರಿನಲ್ಲಿ ಅಂಟಿಕೊಂಡಿದೆ, ಅದು ಮಕ್ಕಳಿಗೆ ಕಾಣುತ್ತಿದೆ ಎಂಬುದೂ ಗೊತ್ತಿತ್ತು. ಮಾತ್ರೆ ಬದಲಾಗಿರಲಿಲ್ಲ. ನಿದ್ದೆ ಬದಲಾಗಿರಲಿಲ್ಲ. ಊಟ, ಓದು, ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಒಂದೇ, ಚಿಲಕ. ಮೂವತ್ತೊಂಬತ್ತು ಶುರುವಾದದ್ದು ಚಿಲಕ ಹಾಕಿಸಿದ ಮೇಲೆ. ಬಾಯಲ್ಲಿ ಬೀಗದ ಕೈ ರುಚಿ ಬಂದಾಗ ಎದ್ದು ಹೋಗಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಮಲಗಲು ಅವಳಿಗೆ ಎಷ್ಟು ಹೊತ್ತು ಬೇಕು? ಇಪ್ಪತ್ತು ಸೆಕೆಂಡು. ಅಷ್ಟು ಸಮಯ ಅವಳಿಗೆ ಸಿಗುತ್ತದೆಂದು ಅವನೇ ಬರೆದಿಟ್ಟಿದ್ದ. ಇಂದು ಮೂವತ್ತೊಂಬತ್ತನೆಯ ದಿನ. ಎಂದರೆ ಎರಡು ಸಲ ಹತ್ತೊಂಬತ್ತೂವರೆ. ಎಂದರೆ ಇಂದೇ. ಮೊಣಕಾಲು ತನಕ ಎಂದು ಅವನು ಹೇಳಿದ್ದ. ಮೂರ್ಛೆ ಬಂದವಳಿಗೆ ಒಂದು ಗೇಣು ನೀರು ಸಾಕು.

'ಸಾರ್, ನೀರು ಬೇಕಾ?' ಎಂದು ಯಾರೋ ಕೇಳಿದರು. ಸತೀಶ ತಿರುಗಿ, 'ಕ್ಷಮಿಸಿ, ನಾನು ಹೋಗ್ಬೇಕು' ಎಂದು ಕೆಳಗಿಳಿದ. ಮುಕುಂದಯ್ಯ ಹಿಂದೆಯೇ ಬಂದರು, ಕೈಯಲ್ಲಿ ಹೂವಿನ ಹಾರವೂ ಹಣ್ಣಿನ ಬುಟ್ಟಿಯೂ ಇತ್ತು. 'ಸನ್ಮಾನ ಒಂದು ನಿಮಿಷ ಸತೀಶ್...' ಅವನು ಏನು ಹೇಳಿದನೆಂದು ಅವನಿಗೇ ನೆನಪಿಲ್ಲ. ಕಾರಿನ ಬಾಗಿಲು ಹಾಕಿದಾಗ ಬುಟ್ಟಿ ಪಕ್ಕದ ಸೀಟಿನ ಮೇಲಿತ್ತು. ರಕ್ಷಾಳ ಫೋನು ವ್ಯಾಪ್ತಿಯ ಹೊರಗೆ. ಧನ್ಯಶ್ರೀಯ ಫೋನೂ ವ್ಯಾಪ್ತಿಯ ಹೊರಗೆ. ಆ ಮಾತನ್ನು ಹೇಳುವ ಹೆಂಗಸಿನ ದನಿ ಎಷ್ಟು ಶಾಂತವಾಗಿತ್ತೆಂದರೆ ಅವನು ನಾಲ್ಕು ಸಲ ಪೂರ್ತಿ ಕೇಳಿದ. ಐದನೆಯದು ಶ್ಯಾಮಲಾಗೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, 'ಬಸ್‌ಸ್ಟ್ಯಾಂಡ್ ಹತ್ರ ನಿಂತಿರ್ತೀನಿ' ಎಂದಷ್ಟೇ ಹೇಳಿದಳು.

ಹೊಸನಗರದಲ್ಲಿ ಅವಳು ನಿಂತಿದ್ದಳು, ಊಟದ ಬುತ್ತಿ ಕಂಕುಳಲ್ಲಿ. ಹಣ್ಣಿನ ಬುಟ್ಟಿಯನ್ನು ಎತ್ತಿ ಹಿಂದಕ್ಕಿಟ್ಟು ಕೂತಳು. ಕಾರು ಊರು ದಾಟಿತು. ಆಮೇಲೆ, 'ಎಷ್ಟು ಸಲ ಮುಚ್ಚಿಟ್ಟಿರ್ಬಹುದು?' ಎಂದಳು. 'ನಾಲ್ಕು' ಎಂದ ಸತೀಶ ತಕ್ಷಣ. 'ಮೂವತ್ತೊಂಬತ್ತರಲ್ಲಿ ಒಂದು, ನಲವತ್ತರಲ್ಲಿ ಒಂದು, ಐವತ್ತೆಂಟರಲ್ಲಿ ಎರಡು.' ಹೇಳಿದಮೇಲೆ ತನ್ನ ದನಿ ತನಗೇ ಕೇಳಿಸಿತು. ಹಲಗೆಯ ಮುಂದೆ ನಿಂತವನ ದನಿ. ಶ್ಯಾಮಲಾ ಕಿಟಕಿಯ ಕಡೆ ತಿರುಗಿದಳು. 'ನಾನು ಬಟ್ಟೆ ಒಗೆಯೋಳು' ಎಂದಳು. 'ಒಂದ್ಸಲ ದಿಂಬಿನ ಮೇಲೆ ರಕ್ತ ಇತ್ತು. ಮೊಡವೆ ಒಡೀತು ಅಂದ್ಲು. ಇನ್ನೊಂದ್ಸಲ ಬೆಡ್‌ಶೀಟು ಅವಳೇ ಒಗೆದು ಹಾಕಿದ್ಲು. ಹುಡುಗಿ ಬೆಳೆದ್ಲು ಅನ್ಕಂಡೆ.' 'ಹೇಳ್ಬೇಕಾಗಿತ್ತು ನೀನು.' 'ಹೇಳ್ಬಹುದಾಗಿತ್ತು.' ಅವಳು ಬುತ್ತಿಯ ಮುಚ್ಚಳವನ್ನು ತಿರುಗಿಸುತ್ತ ಮತ್ತೆ ಮುಚ್ಚುತ್ತ ಇದ್ದಳು. 'ನಿಮ್ಮ ಪುಸ್ತಕದಲ್ಲಿ ಸಂಖ್ಯೆ ದೊಡ್ಡದಾಗ್ತಾ ಇತ್ತು. ನನಗೂ ಅದೇ ಬೇಕಾಗಿತ್ತು. ಬೆಳಿಗ್ಗೆ ನೀರಿಗೆ ಬೇಡ ಅನ್ನಕ್ಕೆ ಬಾಯಿ ತೆಗೆದಿದ್ದೆ. ಬೇಡ ಅಂದ್ರೆ ಅದು ಹೋಗಿಲ್ಲ ಅಂತ ಒಪ್ಕಂಡಂಗೆ ಆಗ್ತಿತ್ತು.' ಅವನು ಅವಳ ಕಡೆ ನೋಡಲಿಲ್ಲ. ಎದುರಿಗೆ ಊಟಕ್ಕೆ ಬಿಟ್ಟ ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದರು. ಬ್ರೇಕಿನ ಮೇಲೆ ಕಾಲಿಟ್ಟು ಕಾಯುವಾಗ ಬಲಗೈ ತಾನಾಗಿ ಮೇಲೆದ್ದು ವಾಚು ಕಣ್ಣಿನ ಮುಂದೆ ಬಂತು. ಒಂದು ಗಂಟೆ ಇಪ್ಪತ್ತು ನಿಮಿಷ. ಏನನ್ನು ಅಳೆಯುತ್ತಿದ್ದಾನೆಂದು ಅವನಿಗೇ ತಿಳಿಯಲಿಲ್ಲ.

ಸಾಗರದ ಪೇಟೆ ದಾಟುವಾಗ ಫೋನು ಬಂತು. ಶ್ಯಾಮಲಾ ತೆಗೆದಳು. ಅತ್ತ ಕಡೆಯ ಮಾತು ಕೇಳುತ್ತ ಅವಳ ಎಡಗೈ ಬಂದು ಅವನ ತೊಡೆಯ ಮೇಲೆ ಬಿದ್ದು, ಅಲ್ಲೇ ಮುಷ್ಟಿಯಾಯಿತು. 'ಸರಿ ಕಣೇ. ಸರಿ. ಬರ್ತಾ ಇದೀವಿ' ಎಂದು ಇಟ್ಟಳು. 'ಧನ್ಯಶ್ರೀ. ಬಂದಿತ್ತಂತೆ. ಈಗ ಮಲಗಿದಾಳಂತೆ. ನೀರಿನಿಂದ ಮೇಲೆ ಬಂದಮೇಲೇ ಅಂತೆ.' ಅವನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಶ್ಯಾಮಲಾ ಬುತ್ತಿ ತೆರೆದು ಒಂದು ಚಪಾತಿಯನ್ನು ಎರಡು ಮಾಡಿ ಅರ್ಧ ಅವನ ಕೈಗಿಟ್ಟಳು. ಅವನು ತಿಂದ. ಹಸಿವಾಗಿತ್ತು, ಅದಕ್ಕೂ ನಾಚಿಕೆಯಾಯಿತು.

ತುಮರಿಯ ದಾರಿಯಲ್ಲಿ ಹಿನ್ನೀರಿನ ಹೊಸ ಸೇತುವೆಯ ಮೇಲೆ ಕಾರು ಓಡುವಾಗ ಎರಡು ಕಡೆಯೂ ನೀರು, ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಹೊಳೆಯುತ್ತಿತ್ತು. ನೀರು ದಾಟಿಸುವ ಲಾಂಚಿಗೆ ಕಾಯಬೇಕಾಗಿದ್ದ ಕಾಲದಲ್ಲಿ ಈ ದಡದಲ್ಲಿ ನಿಂತು ಆ ದಡ ನೋಡುತ್ತ ಒಂದು ಗಂಟೆ ಕಳೆದುಹೋಗುತ್ತಿತ್ತು. ಈಗ ಕೆಲವು ನಿಮಿಷ. ಆದರೆ ಎಷ್ಟು ಬೇಗ ಹೋದರೂ ಆಗಿಹೋದದ್ದರ ಆಚೆಗೇ ಹೋಗಿ ಇಳಿಯುವುದು. ಅವನು ದಿನವೂ ನೋಡುವ ಬೆಳಕೂ ಹಾಗೆಯೇ. ಉಪಗ್ರಹಕ್ಕೆ ಬಂದು ತಾಗುವ ಹೊತ್ತಿಗೆ ಆ ಸಿಡಿತ ಸಾವಿರಾರು ವರ್ಷ ಹಳೆಯದಾಗಿರುತ್ತದೆ. ಅದರಿಂದ ಅವನಿಗೆ ಎಂದೂ ದುಃಖವಾಗಿರಲಿಲ್ಲ.

ಧನ್ಯಶ್ರೀಯ ಮನೆ ತುಮರಿಯ ಪೇಟೆಗೆ ಹತ್ತಿರದಲ್ಲೇ, ಹಿನ್ನೀರಿಗೆ ಮುಖಮಾಡಿ ಇತ್ತು. ಜಗಲಿಯ ಮೇಲೆ ಚಾಪೆ ಹಾಸಿ ರಕ್ಷಾ ಗೋಡೆಗೆ ಒರಗಿ ಕೂತಿದ್ದಳು, ಕೈಯಲ್ಲಿ ಮಜ್ಜಿಗೆಯ ಲೋಟ. ಧನ್ಯಶ್ರೀಯ ಚೂಡಿದಾರ ಹಾಕಿಕೊಂಡಿದ್ದಳು. ಅವಳದು ತಂತಿಯ ಮೇಲೆ ಒಣಗುತ್ತಿತ್ತು. ಧನ್ಯಶ್ರೀಯ ಅಜ್ಜಿ ಹೂವಮ್ಮ ಒಂದು ಕಡೆ ಮುನಿಸಿಕೊಂಡವಳ ಹಾಗೆ ಕೂತಿದ್ದಳು. ಇವರು ಮೆಟ್ಟಿಲು ಹತ್ತುತ್ತಿದ್ದಂತೆ, 'ಬಂದ್ರಾ? ಕೂತ್ಕಳ್ಳಿ' ಎಂದು, ತಡೆಯಲಾರದೆ ದೂರು ಹೇಳಿದಳು: 'ನಾನು ಬೀಗದ ಕೈ ತಂದೆ. ಕೈಲಿ ಹಿಡಿಸ್ತೀನಿ ಅಂದ್ರೆ ಈ ಹುಡುಗಿ ನನ್ನನ್ನೇ ಆಚೆ ನೂಕ್ತು. ಅಜ್ಜಿ ನೀನು ಮುಟ್ಟಿದ್ರೆ ನೋಡು ಅಂತು. ನನ್ನ ಮನೇಲಿ ನನಗೇ.' 'ನೂಕ್ಲಿಲ್ಲ ಅಜ್ಜಿ, ಹೋಗು ಅಂದೆ ಅಷ್ಟೇ' ಎಂದಳು ಧನ್ಯಶ್ರೀ.

ಶ್ಯಾಮಲಾ ಹೋಗಿ ಮಗಳ ಪಕ್ಕದಲ್ಲಿ ಕೂತು ಅವಳ ಹಣೆ ಮುಟ್ಟಿದಳು. ಸತೀಶ ಕಂಬದ ಹತ್ತಿರವೇ ನಿಂತ. ಹೇಳಬೇಕಾದ ಮಾತು ದಾರಿಯುದ್ದಕ್ಕೂ ಅವನ ಬಾಯಲ್ಲಿ ಇತ್ತು. ಬಾಯಿ ತೆರೆದಾಗ ಬಂದದ್ದು ಬೇರೆ. 'ಎಷ್ಟು ಸೆಕೆಂಡ್ ಆಯ್ತು?' ಎಂದ. ಶ್ಯಾಮಲಾಳ ಕೈ ಹಣೆಯ ಮೇಲೆ ನಿಂತಿತು. ಧನ್ಯಶ್ರೀ ಅವನನ್ನು ನೋಡಿ, ಸಿಟ್ಟಿನಿಂದಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವವಳ ಹಾಗೆ, 'ನೋಡ್ಲಿಲ್ಲ ಅಂಕಲ್. ಅವಳ ಕೈ ಹಿಡ್ಕಂಡಿದ್ದೆ' ಎಂದಳು.

ಅಜ್ಜಿ ಚಹಾಕ್ಕೆಂದು ಒಳಗೆ ಹೋದಳು. ಧನ್ಯಶ್ರೀಯೂ ಹೋದಳು. ಸತೀಶ ಮೆಟ್ಟಿಲ ಮೇಲೆ ಕೂತ. 'ರುಚಿ ಬಂತು' ಎಂದು ರಕ್ಷಾ ತಾನಾಗಿ ಹೇಳಿದಳು. ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ದಪ್ಪವಾಗಿತ್ತು. 'ಮೊಣಕಾಲು ತನಕನೇ ಇಳಿದಿದ್ದೆ. ಬಂದ ತಕ್ಷಣ ಮೇಲೆ ಹತ್ತಿ ಧನ್ಯಾ ಅಂದೆ. ಅಷ್ಟು ನೆನಪಿದೆ.' 'ಇವತ್ತೇ ಬರ್ಬಹುದು ಅಂತ ನಿನಗೆ ಗೊತ್ತಿತ್ತಾ?' 'ಗೊತ್ತಿತ್ತು.' 'ಆದ್ರೂ ನೀರಿಗೆ...' 'ನೀನು ಪುಸ್ತಕ ನೋಡಿ ಇಳಿಬಹುದು ಅಂದೆ ಅಪ್ಪ. ಒಂದ್ಸಲ ನಿನ್ನ ಪುಸ್ತಕದಲ್ಲಿರೋ ಹುಡುಗಿ ಆಗ್ಬೇಕು ಅನ್ಸ್ತು.' ಮಜ್ಜಿಗೆಯ ಲೋಟವನ್ನು ಅವಳು ಎರಡೂ ಕೈಯಲ್ಲಿ ಹಿಡಿದಿದ್ದಳು. 'ಯಾಕೆ ಮುಚ್ಚಿಟ್ಟೆ?' ಎಂದು ಕೇಳಿದ್ದು ಶ್ಯಾಮಲಾ. ರಕ್ಷಾ ಅಮ್ಮನ ಕಡೆ ತಿರುಗಲಿಲ್ಲ. 'ಕಣ್ಣು ಬಿಟ್ಟಾಗ ಮೊದಲು ಕಾಣೋದು ಅಪ್ಪನ ವಾಚು' ಎಂದಳು. 'ಅದರ ಹಿಂದೆ ಅಪ್ಪ ಇರ್ತಾನೆ. ಆಮೇಲೆ ಪುಸ್ತಕ ತಗಂಡು ಬರ್ದು, ಸಂಖ್ಯೆ ಚಿಕ್ಕದಿದ್ರೆ ಎರಡು ದಿನ ಮುಖ ಹಂಗೇ ಇರುತ್ತೆ. ಮೊದಲನೇ ಸಲ ನಾನು ಬೇಕಂತ ಮುಚ್ಚಿಡ್ಲಿಲ್ಲ. ರಾತ್ರಿ ಬಂತು, ಯಾರಿಗೂ ಗೊತ್ತಾಗ್ಲಿಲ್ಲ, ಹೇಳ್ಲಿಲ್ಲ. ಆಮೇಲೆ ಮೂವತ್ತೊಂಬತ್ತು ಅಂತ ಬರೆದಾಗ ಅಪ್ಪ ನಕ್ಕ. ಐವತ್ತೆಂಟಕ್ಕೆ ಜಿಲೇಬಿ ತಂದ.' ಅವಳು ಒಂದು ಗುಟುಕು ಕುಡಿದಳು. 'ಆ ಮಾತ್ರೆ ಬೇಡ ಅಂದ್ರಲ್ಲ, ಅದಕ್ಕೂ ಖುಷಿಯಾಗಿತ್ತು. ಅದು ನನ್ನ ತಪ್ಪೇ.'

'ಅಲ್ಲ' ಎಂದ ಸತೀಶ. ಇನ್ನೇನಾದರೂ ಹೇಳಬೇಕಿತ್ತು. ನಕ್ಷತ್ರದ ವಿಷಯದಲ್ಲಿ ಹೊಸಬರು ಮಾಡುವ ತಪ್ಪನ್ನು ನಾನು ಮಾಡಿದೆ ಎನ್ನಬಹುದಿತ್ತು. ಅದೂ ನಿಜವಲ್ಲ. ಹೊಸಬರಿಗೆ ಗೋಡೆ ಇರುವುದು ಗೊತ್ತಿರುವುದಿಲ್ಲ. ಅವನು ಗೋಡೆಯ ಈಚೆ ಕೂತು, ಆಚೆ ಬಿದ್ದದ್ದನ್ನು ಕಿವಿಯಾರೆ ಕೇಳಿ, ಏನು ಬಿತ್ತು ಎಂದು ಒಂದೇ ಸಲ ವಿಚಾರಿಸಿ, ಉತ್ತರಕ್ಕೆ ಐದು ನಿಮಿಷ ಕಾದಿದ್ದ. 'ನಾಳೆ ಶಿವಮೊಗ್ಗಕ್ಕೆ ಹೋಗಣ. ಡಾಕ್ಟರಿಗೆ ನಾನೇ ಹೇಳ್ತೀನಿ, ಗ್ರಾಫ್ ತಪ್ಪು ಅಂತ' ಎಂದ. 'ನಾಲ್ಕು ಸಲದ್ದು ತಾರೀಖು ನಿನಗೆ ನೆನಪಿದ್ರೆ ಹೇಳು, ಇಲ್ದಿದ್ರೆ ಪರವಾಗಿಲ್ಲ.'

'ನಾಲ್ಕಲ್ಲ ಅಪ್ಪ, ಐದು' ಎಂದಳು ರಕ್ಷಾ. ಒಳಗಿನಿಂದ ಚಹಾ ತಂದ ಧನ್ಯಶ್ರೀ ತಟ್ಟೆಯನ್ನು ಕೆಳಗಿಟ್ಟು, ಕೇಳದೆಯೇ ತನ್ನ ಚೀಲದಿಂದ ಕೆಮಿಸ್ಟ್ರಿ ನೋಟ್ಸ್ ತೆಗೆದು ಕೊನೆಯ ಪುಟ ಬಿಚ್ಚಿದಳು. ಐದು ತಾರೀಖು ಇದ್ದವು, ಪೆನ್ಸಿಲಿನಲ್ಲಿ. ಸೆಕೆಂಡುಗಳಿರಲಿಲ್ಲ. ಒಂದೊಂದರ ಮುಂದೆ ಒಂದೊಂದು ಮಾತು ಮಾತ್ರ: ಕೋಣೆಯಲ್ಲಿ, ಒಬ್ಬಳೇ. ಕೋಣೆಯಲ್ಲಿ, ಒಬ್ಬಳೇ. ಹಾಸ್ಟೆಲಿನಲ್ಲಿ, ನಾನಿದ್ದೆ. ಕೋಣೆಯಲ್ಲಿ, ಒಬ್ಬಳೇ. ಐದನೆಯ ತಾರೀಖು ಒಂದು ಭಾನುವಾರದ್ದು. ಅದರ ಮುಂದೆ, ಕೋಣೆಯಲ್ಲಿ, ಅಪ್ಪ ಹೊರಗೆ ಇದ್ದರು, ಎಂದು ಬರೆದಿತ್ತು.

ಸತೀಶ ಆ ಪುಟವನ್ನು ಬಹಳ ಹೊತ್ತು ನೋಡಿದ. ಮುಂದಿನ ಗೆರೆ ಖಾಲಿಯಿತ್ತು. ಧನ್ಯಶ್ರೀ ಪೆನ್ಸಿಲು ತೆಗೆದು ಇಂದಿನ ತಾರೀಖು ಬರೆದಳು, ಅದರ ಮುಂದೆ ದಡದಲ್ಲಿ, ನಾನಿದ್ದೆ, ಎಂದು ಬರೆದಳು. ಅವನು ವಾಚು ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡ. ರಕ್ಷಾ ಅದನ್ನು ನೋಡಿದಳು. ಚಹಾ ಆರುವ ಮೊದಲೇ ಕುಡಿಯಿರಿ ಎಂದು ಹೂವಮ್ಮ ಒಳಗಿನಿಂದ ಕೂಗಿ ಹೇಳಿದಳು. ಅವರು ಕುಡಿದರು.

ರಕ್ಷಾ ಕಣ್ಣು ಬಿಟ್ಟಾಗ ತಾನೇ ಇರುತ್ತೇನೆಂದು ಸತೀಶ ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತು ಆರು ಸಲ ಮುರಿದಿತ್ತು.